ಹೆರಿಗೆ ಕೋಣೆಯಲ್ಲಿ ಅವ್ವ ನಿಂತ ಜಾಗ

ನನ್ನ ಮೊದಲ ಹೆರಿಗೆ ಎಲ್ಲಿ ಆಗಬೇಕು ಎಂಬುದು ನಮ್ಮ ಮನೆಯಲ್ಲಿ ಎಂದೂ ಚರ್ಚೆಗೆ ಬಂದ ವಿಷಯವಲ್ಲ. ಪುಣೆಯ ಸ್ವಾರಗೇಟಿನ ಹಿಂದಿನ ಗಲ್ಲಿಯಲ್ಲಿರುವ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಅವ್ವ, ನಾನು ಶಾಲೆಗೆ ಸೇರುವ ಮುಂಚಿನಿಂದಲೂ ಕೆಲಸಕ್ಕಿದ್ದಳು. ಅಲ್ಲಿ ಹುಟ್ಟಿದ ಅದೆಷ್ಟೋ ಕೂಸುಗಳು ಮೊದಲು ಅವಳ ಕೈಗೆ ಬಂದು, ಆಮೇಲೆ ತಾಯಿಯ ಮಗ್ಗುಲಿಗೆ ಹೋಗಿದ್ದವು. "ನಿನ್ನ ಕೂಸೂ ನನ್ನ ಕೈಯಾಗ ಬರಬೇಕು ನೋಡು," ಎಂದು ನನ್ನ ಮದುವೆಯ ಮಾತೇ ಇಲ್ಲದ ಕಾಲದಲ್ಲಿ ರೊಟ್ಟಿ ಬಡಿಯುತ್ತ ಹೇಳಿಬಿಡುತ್ತಿದ್ದಳು. ನನಗೆ ಇಂಥ ಮಾತುಗಳೆಂದರೆ ಮುಜುಗರ. ಪುಸ್ತಕ ಎತ್ತಿಕೊಂಡು ಹೊರಗಿನ ಕೋಣೆಗೆ ಹೋಗುತ್ತಿದ್ದೆ.

ನಾನು ನಿಜವಾಗಿಯೂ ಬಸುರಿಯಾಗುವ ಹೊತ್ತಿಗೆ, ಆ ಆಸ್ಪತ್ರೆಯಲ್ಲಿ ಕೂಸನ್ನು ಮುಟ್ಟುವ ಅಧಿಕಾರ ಅವ್ವನಿಗೆ ಉಳಿದಿರಲಿಲ್ಲ.

ಅವ್ವ ಸವದತ್ತಿ ಕಡೆಯವಳು. ಹತ್ತನೇ ತರಗತಿ ಪಾಸಾದ ಬೇಸಿಗೆಯಲ್ಲೇ ಮದುವೆಯಾಗಿ ಪುಣೆಗೆ ಬಂದಳು. ಅಪ್ಪ ಆಗಲೇ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಹತ್ತಿರ ತೂಕದ ಕೆಲಸಕ್ಕಿದ್ದ. ನಾನು ಹುಟ್ಟಿದ ಮೇಲೆ ಒಬ್ಬರ ಸಂಬಳ ಸಾಲದಾಯಿತು. ಅವ್ವ ಕೆಲಸ ಕೇಳಿಕೊಂಡು ಆ ಆಸ್ಪತ್ರೆಗೆ ಹೋದಳು. ಅದನ್ನು ಆಗ ವಯಸ್ಸಾದ ಹೆಣ್ಣು ಡಾಕ್ಟರೊಬ್ಬರು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದರು. ಅವ್ವನ ಅಕ್ಷರ ದುಂಡಗಿದೆಯೆಂದು ಮೊದಲು ರೋಗಿಗಳ ಹೆಸರು ಬರೆಯಲು ಕೂರಿಸಿದರು. ಆಮೇಲೆ ನಾಡಿ ನೋಡುವುದು, ರಕ್ತದೊತ್ತಡ ನೋಡುವುದು, ಕೈಗವಸು ಕುದಿಸುವುದು, ಕೊನೆಗೆ ಸೂಜಿ ಚುಚ್ಚುವುದು, ಒಂದೊಂದಾಗಿ ತಾವೇ ಕಲಿಸಿದರು. ಸೂಜಿಯ ಅಭ್ಯಾಸಕ್ಕೆ ಮೊಸಂಬಿ ಹಣ್ಣು. ಅವ್ವ ಅದನ್ನು ಮನೆಗೂ ತಂದು, ದೀಪದ ಕೆಳಗೆ ಕೂತು, ನೀರು ತುಂಬಿದ ಸಿರಿಂಜಿನಿಂದ ಚುಚ್ಚುತ್ತಿದ್ದಳಂತೆ.

"ಈ ಹಣ್ಣ ತಿಂದ್ರ ನನ್ನ ಜ್ವರಾ ಬಿಡ್ತದೇನು?" ಎಂದು ಅಪ್ಪ ಕೇಳುತ್ತಿದ್ದನಂತೆ.

"ಸುಮ್ಮ ಕುಂಡ್ರ್ರಿ. ಇಲ್ಲಾಂದ್ರ ಮುಂದಿನ ಪಾಳಿ ನಿಮ್ದು."

ಹೀಗೆ ಅವ್ವ ಸಿಸ್ಟರ್ ಆದಳು. ಬಿಳಿ ಸೀರೆ, ಮುಂದೆ ಕಾಲ ಬದಲಾದಾಗ ಬಿಳಿ ಅಂಗಿ ಪ್ಯಾಂಟು. ಅದಕ್ಕೆ ಇಸ್ತ್ರಿ ಹಾಕುವುದು ಮನೆಯಲ್ಲಿ ಅವಳೊಬ್ಬಳದೇ ಕೆಲಸ, ನಮ್ಮ ಕೈಗೆ ಕೊಡುತ್ತಿರಲಿಲ್ಲ. ಗುಲ್ಟೇಕಡಿಯ ನಮ್ಮ ಗಲ್ಲಿಯಲ್ಲಿ ನಮ್ಮದು 'ಸಿಸ್ಟರ್ ಮನಿ'. ಅಪ್ಪನನ್ನು ಸಹ ಸುತ್ತಲಿನ ಕನ್ನಡದವರು 'ಸಿಸ್ಟರ್ ಮಾಲಕ್ರು', ಅಂದರೆ ಸಿಸ್ಟರಿನ ಗಂಡ, ಎಂದೇ ಗುರುತಿಸುತ್ತಿದ್ದರು. ಅಪ್ಪ ಅದನ್ನು ಯಾರ್ಡಿನಲ್ಲಿ ಹೇಳಿಕೊಂಡು ನಗುತ್ತಿದ್ದ, ಆದರೆ ಅವನಿಗೆ ಅದು ಬೇಡವಾಗಿರಲಿಲ್ಲ.

ಡಾಕ್ಟರ್‌ಬಾಯಿ ತೀರಿಕೊಂಡ ಮೇಲೆ ಆಸ್ಪತ್ರೆ ಅವರ ಸೊಸೆಯ ಕೈಗೆ ಬಂತು. ಸೊಸೆಯೂ ಡಾಕ್ಟರು. ಅವರನ್ನು ಸಿಬ್ಬಂದಿಯೆಲ್ಲ ಮ್ಯಾಡಮ್ ಎನ್ನುತ್ತಾರೆ. ಮ್ಯಾಡಮ್ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಏರಿಸಿದರು, ಲಿಫ್ಟು ಹಾಕಿಸಿದರು, ವಿಮೆ ಇದ್ದವರಿಗೂ ಅಲ್ಲಿ ಚಿಕಿತ್ಸೆ ಸಿಗಬೇಕೆಂದು ಓಡಾಡಿದರು. ಅದಕ್ಕೊಂದು ಮಾನ್ಯತೆ ಬೇಕು. ಮಾನ್ಯತೆಗೆ ತಪಾಸಣೆ. ತಪಾಸಣೆಗೆ ಬಂದವರು ಮೊದಲು ಕೇಳುವುದು ನರ್ಸುಗಳ ನೋಂದಣಿ. ಅವ್ವನಿಗೆ ನೋಂದಣಿ ಇರಲಿಲ್ಲ, ಏಕೆಂದರೆ ಅವಳು ಯಾವ ಕೋರ್ಸೂ ಮಾಡಿರಲಿಲ್ಲ.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದು ಆ ವರ್ಷವೇ. ಪದವಿ ಪ್ರದಾನದ ಫೋಟೋಕ್ಕೆ ಗಾಜು ಹಾಕಿಸಿ ಅಪ್ಪ ಗೋಡೆಗೆ ಮೊಳೆ ಹೊಡೆಯುತ್ತಿದ್ದ ಸಂಜೆ ಅವ್ವ ಕೆಲಸದಿಂದ ಬಂದು, ಚೀಲ ಇಳಿಸದೆ ಬಾಗಿಲಲ್ಲೇ ನಿಂತು, ಮೊಳೆ ಸೊಟ್ಟಗಿದೆ ಎಂದಳು. ಆಮೇಲೆ ಊಟದ ಹೊತ್ತಿಗೆ ವಿಷಯ ಹೇಳಿದಳು.

ಮ್ಯಾಡಮ್ ಕಟುವಾಗಿ ಏನೂ ಮಾತಾಡಿರಲಿಲ್ಲ. ತಮ್ಮ ಕೋಣೆಗೆ ಕರೆದು, ಕೂರಿಸಿ, ಚಹಾ ತರಿಸಿದರಂತೆ. ಅವರ ಸ್ವಂತ ಮಗನ ಹೆರಿಗೆಯಲ್ಲಿ ಕೂಸನ್ನು ಹಿಡಿದವಳು ಅವ್ವ. "ಕಾಕೂ, ನೀವು ನನಗೆ ಮನೆಯವರ ಹಾಗೆ," ಎಂದರಂತೆ, ಚಿಕ್ಕಮ್ಮ ಎನ್ನುವ ಹಾಗೆ. ಆದರೆ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ಕೋರ್ಸು ಮಾಡದವರ ಕೈಯಲ್ಲಿ ಸೂಜಿ ಕೊಟ್ಟಿದ್ದು ಯಾರು ಎಂದು ಕೇಳಿದರೆ, ಆಸ್ಪತ್ರೆಯೇ ಮುಚ್ಚುತ್ತದೆ. ಆದ್ದರಿಂದ ಎರಡು ದಾರಿ. ಕೆಲಸ ಬಿಡುವುದು, ಇಲ್ಲವೇ ಮಾವಶಿಯಾಗಿ ಇರುವುದು.

ಪುಣೆಯ ಆಸ್ಪತ್ರೆಗಳಲ್ಲಿ ಮಾವಶಿ ಎಂದರೆ ನೆಲ ಒರೆಸುವ, ಹಾಸಿಗೆ ಬಟ್ಟೆ ಬದಲಿಸುವ, ಬೆಡ್‌ಪ್ಯಾನ್ ಎತ್ತುವ ಹೆಂಗಸು. ಎಲ್ಲರೂ ಹಾಗೆಂದೇ ಕರೆಯುತ್ತಾರೆ, ಯಾರೂ ಹೆಸರು ಕೇಳುವುದಿಲ್ಲ. ಅವರ ಸೀರೆ ಮೆರೂನ್ ಬಣ್ಣದ್ದು.

ನಾನು ಆ ರಾತ್ರಿಯೇ ಫೋನಿನಲ್ಲಿ ಹುಡುಕಿದೆ. ನರ್ಸಿಂಗ್ ಕೋರ್ಸಿಗೆ ಹನ್ನೆರಡನೇ ತರಗತಿ ಬೇಕು, ವಯಸ್ಸಿನ ಮಿತಿಯೂ ಇದೆ. ಅವ್ವ ಆ ಮಿತಿಯನ್ನು ದಾಟಿ ಬಹಳ ಕಾಲವಾಗಿತ್ತು. ಬೇರೆ ಕಡೆ ಕೆಲಸ ಹುಡುಕುವುದಾದರೆ ಅನುಭವದ ಪತ್ರವಾದರೂ ಇರಲಿ ಎಂದು ನಾನೇ ಹೇಳಿಕೊಟ್ಟೆ. ಅವ್ವ ಹೋಗಿ ಕೇಳಿದಳು. ಮ್ಯಾಡಮ್ ಒಡನೆಯೇ ಬರೆಸಿಕೊಟ್ಟರು. ಪ್ರಾಮಾಣಿಕಳು, ಶ್ರಮಜೀವಿ, ನಡತೆ ಒಳ್ಳೆಯದು ಎಂದೆಲ್ಲ ಇತ್ತು. ಹುದ್ದೆಯ ಮುಂದೆ ಮಾತ್ರ, ಸೇರಿದ ದಿನದಿಂದ ಈವರೆಗೂ, 'ಸಹಾಯಕಿ' ಎಂದಿತ್ತು. ನರ್ಸ್ ಎಂದು ಬರೆಯಲು ಸಾಧ್ಯವಿರಲಿಲ್ಲ. ಹಾಗೆ ಬರೆದರೆ ಇಷ್ಟು ವರ್ಷ ಅನರ್ಹಳನ್ನು ಆ ಕೆಲಸಕ್ಕೆ ಇಟ್ಟುಕೊಂಡಿದ್ದೆವು ಎಂದು ಅವರೇ ಒಪ್ಪಿಕೊಂಡಂತೆ. ನನಗೆ ಅದು ಅರ್ಥವಾಯಿತು. ಅವ್ವನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು ಎಂದು ಕಾಣುತ್ತದೆ. ಪತ್ರವನ್ನು ಮಡಿಸದೆ, ಮೇಜಿನ ಮೇಲೆ ನನ್ನ ಕಡೆ ಸರಿಸಿ, "ಇಂಗ್ಲಿಷ್ ಛಲೋ ಬರದಾರ," ಎಂದಳು.

ಅವಳು ಕೆಲಸ ಬಿಡಲಿಲ್ಲ. ಮಾವಶಿಯಾಗಿ ಉಳಿದಳು.

ಪದವಿ ದೊಡ್ಡದೋ ಅನುಭವ ದೊಡ್ಡದೋ ಎಂದು ನಮ್ಮ ಕಾಲೇಜಿನಲ್ಲಿ ಮಕ್ಕಳಿಗೆ ಚರ್ಚಾಸ್ಪರ್ಧೆ ಇಡುತ್ತಾರೆ. ಎರಡೂ ಬೇಕು ಎಂದು ಮುಗಿಸಿದವರಿಗೆ ಸಾಮಾನ್ಯವಾಗಿ ಬಹುಮಾನ ಬರುತ್ತದೆ. ನಾನು ಅಲ್ಲಿ ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತೇನೆ. ಕಾಯಂ ಹುದ್ದೆಯ ಸಂದರ್ಶನವೊಂದರಲ್ಲಿ ಅನುಭವ ಎಷ್ಟು ಎಂದು ಕೇಳಿದರು, ಹೇಳಿದೆ. ತಾಸಿನ ಲೆಕ್ಕದ್ದನ್ನು ಅನುಭವ ಎಂದು ಹಿಡಿಯುವುದಿಲ್ಲ ಎಂದರು. ಮನೆಗೆ ಬಂದು ಅವ್ವನಿಗೆ ತಿಳಿಸಿದೆ.

"ಹಂಗಾರ ನೀ ಕಲಿಸಿದ ಹುಡುಗ್ರು ಪಾಸಾಗಿಲ್ಲೇನು?"

"ಆಗ್ಯಾರ."

"ಮತ್ತ?"

ಅವ್ವ ನಕ್ಕಳು, ನಾನೂ ನಕ್ಕೆ. ಈ ವಿಷಯದಲ್ಲಿ ನಾವಿಬ್ಬರೂ ಕೂಡಿ ನಕ್ಕಿದ್ದು ಅದೊಂದೇ ಸಲ.

ನಿಯಮ ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ನನಗೆ ಸೂಜಿ ಚುಚ್ಚುವವರು ಕಲಿತು ಪರೀಕ್ಷೆ ಪಾಸಾದವರೇ ಆಗಿರಲಿ ಎಂದು ನಾನೂ ಬಯಸುವವಳು. ಆದರೆ ಬೆಳಿಗ್ಗೆ ಅವ್ವ ಸಾದಾ ಸೀರೆಯಲ್ಲಿ ಮನೆಯಿಂದ ಹೊರಡುವಾಗ ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಮೆರೂನ್ ಸೀರೆಯನ್ನು ಅವಳು ಆಸ್ಪತ್ರೆಯಲ್ಲೇ ಉಟ್ಟು ಅಲ್ಲೇ ಬಿಚ್ಚಿಟ್ಟು ಬರುತ್ತಿದ್ದಳು. ಗಲ್ಲಿಗೆ ಏನೂ ಗೊತ್ತಾಗಲಿಲ್ಲ. ಸಂಜೆ ಯಾರಾದರೂ ಸೂಜಿಯ ಶೀಶೆ ಹಿಡಿದು ಬಂದರೆ, "ಈಗ ಮನ್ಯಾಗ ಚುಚ್ಚೂದು ಬಂದ್ ಮಾಡೇನ್ರಿ, ಕಾನೂನು ಭಾಳ ಆಗ್ಯಾವ," ಎಂದು ಕಳಿಸುತ್ತಿದ್ದಳು. ಅವರು ಅವಳನ್ನು ಸಿಸ್ಟರ್ ಎನ್ನುವುದನ್ನು ಬಿಡಲಿಲ್ಲ. ಅವಳೂ ಓಗೊಡುವುದನ್ನು ಬಿಡಲಿಲ್ಲ.

ನನ್ನ ಗಂಡನ ಮನೆಯವರು ಬಾರಾಮತಿಯವರು. ಅಜ್ಜನ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆಂದು ಬೆಳಗಾವಿ ಕಡೆಯಿಂದ ಹೋಗಿ ನೆಲೆಸಿದ ಕನ್ನಡದ ಮನೆತನ. ಗಂಡ ಚಿಕ್ಕವನಿರುವಾಗಲೇ ಅವನ ತಾಯಿ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದ್ದು ಅವನ ಸೋದರತ್ತೆ. ನನಗೆ ಅತ್ತೆ ಎಂದರೆ ಅವರೇ. ದೊಡ್ಡ ದನಿ, ದೊಡ್ಡ ಕುಂಕುಮ, ಕೈ ಬಿಚ್ಚಿ ಕೊಡುವ ಸ್ವಭಾವ. ಮದುವೆಯ ಮಾತಿನಲ್ಲಿ ಅವರಿಗೆ ನನ್ನ ಎಂ.ಎಸ್ಸಿ. ಅಷ್ಟು ಮುಖ್ಯವೆನಿಸಿರಲಿಲ್ಲ. "ಹುಡುಗಿ ತಾಯಿ ಪುಣೆದಾಗ ಸಿಸ್ಟರ್ ಇದ್ದಾರ," ಎಂದು ನೆಂಟರಿಗೆಲ್ಲ ಹೇಳಿದ್ದರು. ಆ ಮಾತು ನಡೆದಾಗ ಅವ್ವ ಮೆರೂನ್ ಸೀರೆಯಲ್ಲಿದ್ದಳು. ನಾನು ಗಂಡನಿಗೆ ಮಾತ್ರ ನಿಜ ತಿಳಿಸಿದ್ದೆ. ಅವನು, "ನಮ್ಮ ಅತ್ತೀಗೆ ಹೇಳೂದು ಬಿಡೂದು ನಿಮ್ಮವ್ವಗ ಬಿಟ್ಟಿದ್ದು," ಎಂದಿದ್ದ. ಅವ್ವ, ಬೇಡ ಎಂದಿದ್ದಳು.

ಏಳನೇ ತಿಂಗಳ ಕುಬಸದ ಶಾಸ್ತ್ರಕ್ಕೆ ಅತ್ತೆ ಹಸಿರು ಸೀರೆ, ಬಳೆ ತಂದರು. ಹೆಂಗಸರೆಲ್ಲ ಕೂತಾಗ ನನ್ನ ಗಲ್ಲ ಹಿಡಿದು, "ನಮಗೇನ್ ಚಿಂತಿ ಇಲ್ಲ ಬಿಡವಾ. ದವಾಖಾನಿನ ನಿಮ್ಮವ್ವನ ಕೈಯಾಗ ಅದ. ಹೌದಲ್ರಿ ಬೀಗತಿಯವರ?" ಎಂದರು.

"ದೇವರ ಕೈಯಾಗ ಅದ್ರಿ," ಎಂದಳು ಅವ್ವ.

"ಮ್ಯಾಲೆ ದೇವರು, ನೆಲದ ಮ್ಯಾಲೆ ನೀವ!" ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕರು.

ಅವರು ಹೋದ ಮೇಲೆ ನಾನು ಅವ್ವನಿಗೆ ಬೇರೆ ಆಸ್ಪತ್ರೆ ನೋಡೋಣ ಎಂದೆ. ಊರಲ್ಲಿ ಅದೊಂದೇ ಏನಲ್ಲ. ಅವ್ವ ಸೀರೆಯ ಮಡಿಕೆ ಹಾಕುತ್ತಿದ್ದವಳು ನಿಲ್ಲಿಸಲಿಲ್ಲ.

"ಬ್ಯಾರೆ ದವಾಖಾನ್ಯಾಗ ನನ್ನ ಒಳಗ ಬಿಡ್ತಾರೇನು?"

"ಇಲ್ಲೂ ಬಿಡೂದಿಲ್ಲಲ್ಲ."

ಅದು ನಿಜ. ಆ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಸಂಬಂಧಿಕರನ್ನು ಬಿಡುವುದಿಲ್ಲ. ತಾಯಿಯಾಗಲಿ, ಗಂಡನಾಗಲಿ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಬೇಕು.

"ಅವ್ವ ಅಂತ ಬಂದ್ರ ಬೆಂಚಿನ ಮ್ಯಾಲೆ," ಎಂದಳು. "ಡ್ಯೂಟಿ ಮ್ಯಾಲಿದ್ರ ಒಳಗ."

"ಅತ್ತಿಯವರು ಹೊರಗ ಕೂತಿರ್ತಾರ ಅವ್ವಾ. ನೋಡ್ತಾರ."

"ಮಾಸ್ಕ್ ಇರ್ತದ, ತಲಿಗೆ ಟೊಪಗಿ ಇರ್ತದ. ಹಂತಾ ಸೀರ್ಯಾಗ ಇದ್ದಾಕಿ ಮಾರಿ ಯಾರ ನೋಡ್ತಾರ?"

ಅಲ್ಲಿಗೆ ಮಾತು ಮುಗಿಯಿತು. ನನ್ನ ಹತ್ತಿರ ಇರಬೇಕು, ಬೀಗರ ಮುಂದೆ ಮರ್ಯಾದೆಯೂ ಉಳಿಯಬೇಕು. ಎರಡನ್ನೂ ಉಳಿಸಿಕೊಳ್ಳುವ ದಾರಿಯನ್ನು ಅವಳು ಅಷ್ಟರಲ್ಲಾಗಲೇ ಯೋಚಿಸಿಟ್ಟಿದ್ದಳು.

ನೋವು ಶುರುವಾದದ್ದು ಬೆಳಗಿನ ಹೊತ್ತು. ಅತ್ತೆ ವಾರದ ಹಿಂದೆಯೇ ಬಾರಾಮತಿಯಿಂದ ಬಂದು ಪುಣೆಯಲ್ಲಿ ನಾನೂ ಗಂಡನೂ ಇದ್ದ ಮನೆಯಲ್ಲಿ ಉಳಿದಿದ್ದರು. ನಾನು ತವರಿನಲ್ಲಿದ್ದೆ. ಅಪ್ಪ ನಸುಕಿನಲ್ಲೇ ಯಾರ್ಡಿಗೆ ಹೋಗಿದ್ದ. ಅವ್ವ ಗಂಡನಿಗೆ ಫೋನು ಮಾಡಿ ಕರೆಸಿ, ಇನ್ನೊಬ್ಬ ಮಾವಶಿಯ ಜೊತೆ ಪಾಳಿ ಬದಲಿಸಿಕೊಂಡು, ನಮಗಿಂತ ಮುಂದೆ ಹೊರಟುಬಿಟ್ಟಳು. ನಾನು ಗಂಡ ಮತ್ತು ಅತ್ತೆಯ ಜೊತೆ ರಿಕ್ಷಾದಲ್ಲಿ ಹೋದೆ. ದಾರಿಯಲ್ಲಿ ಅತ್ತೆ, ನಿಮ್ಮವ್ವ ಎಲ್ಲಿ ಎಂದು ಕೇಳಿದರು. ಇವತ್ತು ರಜೆ, ಏನೋ ಕೆಲಸಕ್ಕೆ ಹೊರಗೆ ಹೋಗಿದ್ದಾಳೆ, ಆಮೇಲೆ ಬರುತ್ತಾಳೆ ಎಂದು ಗಂಡ ಹೇಳಿದ.

ಮ್ಯಾಡಮ್ ನನ್ನನ್ನು ಪರೀಕ್ಷಿಸುವಾಗ ಅವ್ವ ಬಕೆಟ್ ಹಿಡಿದು ಒಳಗೆ ಬಂದಳು. ಮ್ಯಾಡಮ್ ಅವಳನ್ನು ನೋಡಿ ಮರಾಠಿಯಲ್ಲಿ ಮೆಲ್ಲಗೆ, "ಕಾಕೂ, ಮಗಳ ಹೆರಿಗೆ, ಇವತ್ತು ರಜೆ ತಗೊಳ್ಳಬಾರದಿತ್ತೇ?" ಎಂದರು.

"ರಜೆ ತಗೊಂಡರೆ ಒಳಗೆ ಬಿಡುತ್ತೀರೇನು ಮ್ಯಾಡಮ್?"

ಒಬ್ಬರನ್ನು ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂಬುದು ಅವರ ಮುಖದ ಮೇಲಿತ್ತು, ಬಾಯಿಗೆ ಬರಲಿಲ್ಲ. "ಸರಿ, ಆದರೆ ದೂರ ನಿಂತಿರಿ," ಎಂದರು.

ನನ್ನ ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ಸೋಲಾಪುರ ಕಡೆಯ ಮರಾಠಿ ಹುಡುಗಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅವಳ ಬಗ್ಗೆ ನಾನು ಕೆಟ್ಟದ್ದೇನೂ ಬರೆಯಲಾರೆ. ಅವಳ ಕೈ ಹಗುರ, ಕಣ್ಣು ಚುರುಕು. ನನ್ನ ಹೊಟ್ಟೆಗೆ ಪಟ್ಟಿ ಕಟ್ಟಿ, ಕೂಸಿನ ಎದೆಬಡಿತದ ಯಂತ್ರ ಹಚ್ಚಿ, ಆ ಸದ್ದನ್ನು ಕೇಳಿಸಿಕೊಳ್ಳುತ್ತಲೇ ಬೇರೆಲ್ಲ ಕೆಲಸ ಮಾಡುತ್ತಿದ್ದಳು. ಅವ್ವ ನನ್ನ ತಲೆಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಮಲಗಿದಲ್ಲಿಂದ ನನಗೆ ಅವಳು ಕಾಣುತ್ತಿರಲಿಲ್ಲ. ಒಂದು ಸಲ ಕೆಳಗಿನ ಹಾಸು ಬದಲಿಸಲು ಬಂದಳು. ಹೋಗುವಾಗ ಅವಳ ಕೈ ನನ್ನ ಕಾಲಿನ ಹರಡಿನ ಮೇಲೆ ಸ್ವಲ್ಪ ಹೊತ್ತು ನಿಂತು ಹೋಯಿತು.

ಹೆರಿಗೆ ಕೋಣೆಯಲ್ಲಿ ಅವ್ವನ ದನಿ ಹೇಗಿರುತ್ತಿತ್ತು ಎಂದು ನನಗೆ ಗೊತ್ತಿತ್ತು. ಅಲ್ಲಿ ಹೆತ್ತವರು ಗಲ್ಲಿಯಲ್ಲಿ ಹೇಳಿ ನಗುತ್ತಿದ್ದರು. ಬೈಯುತ್ತಿದ್ದಳು, ಮುದ್ದು ಮಾಡುತ್ತಿದ್ದಳು, ಗಂಡಂದಿರನ್ನು ಆಡಿಕೊಳ್ಳುತ್ತಿದ್ದಳು, ಅಳುವವರನ್ನು ನಗಿಸುತ್ತಿದ್ದಳು. ಮಾವಶಿ ಮಾತಾಡುವಂತಿಲ್ಲ. ಜೋರು ಹಾಕು, ಬಿಡು ಎನ್ನುವುದು ಸಿಸ್ಟರಿನ ಕೆಲಸ. ಅದಕ್ಕೇ ಅವ್ವ ಮಾಸ್ಕಿನ ಒಳಗೆ, ತನ್ನಷ್ಟಕ್ಕೆ ಗೊಣಗುವವಳ ಹಾಗೆ, ಕನ್ನಡದಲ್ಲಿ ಶುರುಮಾಡಿದಳು. ಆ ಕೋಣೆಯಲ್ಲಿ ಕನ್ನಡ ತಿಳಿಯುತ್ತಿದ್ದುದು ನಮ್ಮಿಬ್ಬರಿಗೇ.

"ಉಸರ ಹಿಡಿಬ್ಯಾಡ. ಬಿಡು. ಹಾಂ, ಹಂಗ. ಈಗ ನೋವು ಬರ್ತದ, ಬರ್ಲಿ. ಹೆದರಬ್ಯಾಡ ನನ ಕೂಸ. ಈಗ ಹಾಕು ಜೋರ್. ಸಾಕು, ಸಾಕು, ತಡಿ."

ಸಿಸ್ಟರ್ ಮರಾಠಿಯಲ್ಲಿ ಹೇಳಿದ್ದನ್ನೇ ಅವ್ವ ಕನ್ನಡದಲ್ಲಿ ಹೇಳುತ್ತಿದ್ದಳು. ಒಮ್ಮೊಮ್ಮೆ ಅವಳ ಮಾತು ಅರೆಗಳಿಗೆ ಮೊದಲೇ ಬರುತ್ತಿತ್ತು. ನನಗೆ ಎರಡು ದನಿಗಳೂ ಒಂದೇ ಆಗಿ ಕೇಳುತ್ತಿದ್ದವು. ಎಷ್ಟು ಹೊತ್ತು ಹಾಗೆ ನಡೆಯಿತೋ ತಿಳಿಯದು. ನಾನು ಆ ಗೊಣಗನ್ನು ಹಿಡಿದುಕೊಂಡೇ ನೋವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದೆ.

ಕೊನೆಯಲ್ಲಿ ಅವೆರಡು ದನಿ ಬೇರೆಯಾದವು.

ಕೂಸಿನ ತಲೆ ಬಂದಿತ್ತು. ದೊಡ್ಡ ನೋವು ಏಳುತ್ತಿತ್ತು. ಅವ್ವ, "ಬಿಡಬ್ಯಾಡ, ಈಗ ಹಾಕು, ಪೂರ್ತಿ ಹಾಕು!" ಎಂದಳು. ಗೊಣಗಾಗಿ ಅಲ್ಲ, ಅವಳ ಹಳೆಯ ದನಿಯಲ್ಲಿ. ಅದೇ ಗಳಿಗೆಯಲ್ಲಿ ಸಿಸ್ಟರ್ ನನ್ನ ತೊಡೆ ಒತ್ತಿ ಹಿಡಿದು, "ಥಾಂಬಾ! ಜೋರ್ ಲಾವೂ ನಕಾ!" ಎಂದು ಕೂಗಿದಳು. ನಿಲ್ಲು, ಜೋರು ಹಾಕಬೇಡ ಎಂದು.

ಒಂದು ಕಡೆ ಹುಟ್ಟಿದಾಗಿನಿಂದ ಕೇಳಿದ ದನಿ. ಇನ್ನೊಂದು ಕಡೆ ಆ ದಿನ ಬೆಳಿಗ್ಗೆ ಮೊದಲು ಕೇಳಿದ ದನಿ. ಯೋಚಿಸಲು ಸಮಯವಿರಲಿಲ್ಲ, ಆದರೂ ನಾನು ಆರಿಸಿದೆ. ನಿಲ್ಲಿಸಿದೆ. ಬಾಯಿ ತೆರೆದು ಉಸಿರು ಬಿಡುತ್ತ, ಇಡೀ ಮೈ ಹಾಕು ಹಾಕು ಎನ್ನುತ್ತಿದ್ದರೂ ನಿಲ್ಲಿಸಿದೆ. ಕೂಸಿನ ಕತ್ತಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು. ಮ್ಯಾಡಮ್ ಬೆರಳು ತೂರಿಸಿ ಅದನ್ನು ತಲೆಯ ಮೇಲಿಂದ ಬಿಡಿಸಿದರು. ಆಮೇಲೆ, "ಈಗ, ಮೆಲ್ಲಗೆ," ಎಂದರು.

ಅದಾದ ಮೇಲೆ ಅವ್ವ ಒಂದು ಮಾತನ್ನೂ ಆಡಲಿಲ್ಲ.

ಕೂಸು ಅತ್ತಿತು. ಹೆಣ್ಣು ಎಂದರು. ಸಿಸ್ಟರ್ ಅದನ್ನು ಒರೆಸಿ, ತೂಗಿ, ಬಟ್ಟೆ ಸುತ್ತಿ ನನಗೆ ತೋರಿಸಿದಳು. ಆಮೇಲೆ ಅವ್ವನ ಕಡೆ ತಿರುಗಿ, "ಕಾಕೂ, ಬಘಾ ನಾ," ನೋಡಿ, ಬನ್ನಿ ಎಂದು ಕರೆದಳು. ಆಗ ಅವ್ವ ನನ್ನ ಕಣ್ಣಿಗೆ ಬಿದ್ದಳು. ಮಂಡಿಯೂರಿ ನೆಲ ಒರೆಸುತ್ತಿದ್ದಳು. ಎದ್ದು ಎರಡು ಕೈಗಳನ್ನೂ ಮುಂದೆ ಚಾಚಿ ತೋರಿಸಿದಳು, ಕೈಗವಸು ಪೂರ್ತಿ ರಕ್ತ. ಬೇಡ ಎಂದು ತಲೆಯಾಡಿಸಿ ಮತ್ತೆ ಬಗ್ಗಿದಳು. ಅದು ನನ್ನ ರಕ್ತ.

ಅಲ್ಲಿಯ ಪದ್ಧತಿಯೆಂದರೆ ಸಿಸ್ಟರ್ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ಮನೆಯವರನ್ನು ಕರೆಯುವುದು. ಮೊದಲು ಎತ್ತಿಕೊಂಡ ಹಿರಿಯರು ಒಳಗಿನ ಮಾವಶಿಗೆ ಖುಷಿಯಿಂದ ಏನಾದರೂ ಕೊಡುವುದು. ಬೋರ್ಡಿನಲ್ಲಿ ಕೊಡಬಾರದು ಎಂದು ಬರೆದಿದೆ, ಎಲ್ಲರೂ ಕೊಡುತ್ತಾರೆ. ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಬೆಂಚಿನ ಮೇಲೆ ಅತ್ತೆ ಒಬ್ಬರೇ ಇದ್ದರು. ಬಾಗಿಲು ತೆರೆದಿತ್ತು, ನಾನು ಮಲಗಿದ್ದಲ್ಲಿಂದ ನೇರವಾಗಿ ಕಾಣುತ್ತಿತ್ತು. ಅತ್ತೆ ಕೂಸನ್ನು ತಗೊಂಡು, "ಬಾರ ನನ ಲಕ್ಷ್ಮೀ, ಬಾರ," ಎಂದು ಅಳುತ್ತ ನಗುತ್ತ ನೆಟಿಕೆ ಮುರಿದರು. ಅಷ್ಟರಲ್ಲಿ ಅವ್ವ ಕೈಗವಸು ಬಿಚ್ಚಿ, ಬಟ್ಟೆ ತುಂಬಿದ ಬಕೆಟ್ ಹಿಡಿದು, ತಲೆ ತಗ್ಗಿಸಿ, ಅವರ ಪಕ್ಕದಿಂದ ದಾಟಿ ಹೋಗಲು ನೋಡಿದಳು. ಆ ಬಟ್ಟೆ ಹೊರಗೆ ಹೋಗಲು ಬೇರೆ ಬಾಗಿಲಿರಲಿಲ್ಲ.

"ಓ ಮಾವಶಿ, ಥಾಂಬಾ!" ಎಂದರು ಅತ್ತೆ. ಕೂಸನ್ನು ಒಂದು ತೋಳಿಗೆ ಸರಿಸಿಕೊಂಡು, ಸೊಂಟದ ಚೀಲದಿಂದ ನೋಟು ತೆಗೆದರು. ಅವ್ವ ಬೇಡವೆಂದು ಕೈ ಅಲ್ಲಾಡಿಸಿದಳು. ಅತ್ತೆ ಬಿಡುವವರಲ್ಲ. ಕೈ ಹಿಡಿದು, ಬೆರಳು ಬಿಡಿಸಿ, ನೋಟನ್ನು ಒತ್ತಿದರು. "ಘ್ಯಾ ಘ್ಯಾ, ತಗೊಳ್ಳಿ. ನಮ್ಮ ಮನೆಯ ಮೊದಲ ಮೊಮ್ಮಗಳು. ಚಹಾ ಕುಡಿಯಿರಿ," ಎಂದು ಮರಾಠಿಯಲ್ಲಿ ಹೇಳಿ, ಕೂಸಿನ ಕಡೆ ತಿರುಗಿದರು. ಅವ್ವನ ಮುಖದ ಕಡೆ ಒಂದು ಸಲವೂ ನೋಡಲಿಲ್ಲ.

ಸಿಸ್ಟರ್ ಏನೋ ಹೇಳಲು ಬಾಯಿ ತೆರೆದಳು. ಅವ್ವ ಅವಳನ್ನು ನೋಡಿದಳು. ಹುಡುಗಿ ಬಾಯಿ ಮುಚ್ಚಿದಳು. ಅವ್ವ ಉಳಿದ ಮಾವಶಿಯರು ಮಾಡುವಂತೆ ನೋಟನ್ನು ಹಣೆಗೆ ಮುಟ್ಟಿಸಿ, ಬಕೆಟ್ ಎತ್ತಿಕೊಂಡು ಹೋದಳು.

ಸಂಜೆ ಭೇಟಿಯ ಹೊತ್ತಿಗೆ ಅವ್ವ ಮನೆಗೆ ಹೋಗಿ, ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಬಾಣಂತಿಗೆ ಕೊಡುವ ಅಳವಿ ಪಾಯಸದ ಡಬ್ಬಿ ಹಿಡಿದುಕೊಂಡು ಮುಂದಿನ ಮೆಟ್ಟಿಲಿನಿಂದ ಬಂದಳು. ಅತ್ತೆ ನನ್ನ ಮಂಚದ ಪಕ್ಕದಲ್ಲೇ ಇದ್ದರು.

"ಏ ಬರ್ರಿ ಬರ್ರಿ ಬೀಗತಿಯವರ! ಊರ ಮಂದಿ ಕೂಸೆಲ್ಲಾ ನಿಮ್ಮ ಕೈಯಾಗ, ಮಗಳ ಕೂಸಿಗೆ ನೀವ ಇಲ್ಲ! ಎಲ್ಲಿ ಹೋಗಿದ್ರಿ ಮುಂಜಾನಿ?"

"ಬಸ್ ಸಿಗ್ಲಿಲ್ರಿ," ಎಂದಳು ಅವ್ವ.

"ಅಯ್ಯ ಶಿವನ! ನಾ ಬಾರಾಮತಿಯಿಂದ ಬಂದು ಮುಟ್ಟೇನಿ, ನಿಮಗ ಇಲ್ಲಿಂದ ಇಲ್ಲಿಗೆ ಬಸ್ ಸಿಗ್ಲಿಲ್ಲೇನು?"

"ಹೌದ್ರಿ. ತಪ್ಪಾತ್ರಿ."

ಅತ್ತೆ ನಗುತ್ತ ಕೂಸನ್ನು ಎತ್ತಿ ಅವ್ವನ ಕೈಗೆ ಕೊಟ್ಟರು. ಅವ್ವ ಕುರ್ಚಿಯ ಮೇಲೆ ಕೂತು ಮಡಿಲಲ್ಲಿ ಹಾಕಿಕೊಂಡಳು. ಅವಳ ಬೆರಳು ಬಟ್ಟೆಯನ್ನು ಸ್ವಲ್ಪ ಸರಿಸಿ ಹೊಕ್ಕುಳಿನ ಕಡೆ ಹೋಯಿತು, ಅಲ್ಲಿಯ ಕ್ಲಿಪ್ಪನ್ನು ಮುಟ್ಟದೆ ಹಿಂದೆ ಬಂತು. ಬಟ್ಟೆ ಮತ್ತೆ ಮುಚ್ಚಿದಳು.

"ಹೊಕ್ಕಳಕ್ಕ ಏನ್ ಹಚ್ಚೂಣ್ರಿ?" ಎಂದು ಅತ್ತೆ ಕೇಳಿದರು. "ನಮ್ಮ ಕಡೆ ಎಣ್ಣಿ ಅರಿಷಿಣ ಹಚ್ತೀವಿ. ಬ್ಯಾಡ ಅಂತಾರಂತ ಈಗ. ನೀವು ಸಿಸ್ಟರ್ ಇದ್ದೀರಿ, ನೀವ ಹೇಳ್ರಿ."

ಏನೂ ಹಚ್ಚಬಾರದು, ಒಣಗಿದ್ದರೆ ಸಾಕು ಎಂದು ಅವ್ವ ನಮ್ಮ ಗಲ್ಲಿಯ ಬಾಣಂತಿಯರಿಗೆಲ್ಲ ಹೇಳುತ್ತ ಬಂದಿದ್ದಳು. ಹಚ್ಚಿದವರನ್ನು ಬೈದಿದ್ದಳು.

"ಸಿಸ್ಟರ್ ಈಗ ಬರ್ತಾಳ್ರಿ," ಎಂದಳು. "ಅಕಿನ್ನ ಕೇಳೂಣು."

"ಯಾಕ, ನಿಮಗ ಗೊತ್ತಿಲ್ಲೇನು?"

"ಅಕಿ ಓದಿ ಬಂದಾಕಿ. ನಂದೆಲ್ಲಾ ಹಳೇದು."

ಅತ್ತೆಗೆ ಅದು ವಿನಯವೆನಿಸಿತು. "ಭಾಳ ಸಣ್ಣಾಗಿ ಮಾತಾಡ್ತೀರಿ ನೀವು," ಎಂದು ಅವ್ವನ ಭುಜ ತಟ್ಟಿ, ಬಾರಾಮತಿಗೆ ಫೋನು ಮಾಡಲು ಹೊರಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವ್ವ ಕೂಸಿನ ಬಟ್ಟೆಯ ಅಂಚನ್ನು ಒಳಗೆ ಸಿಕ್ಕಿಸಿದಳು. ಆಮೇಲೆ ಮುಖ ಎತ್ತದೆ, "ಅಕಿ ಮಾತು ಕೇಳಿದೆಲ್ಲ," ಎಂದಳು. "ಛಲೋ ಮಾಡಿದಿ."

"ಅವ್ವಾ."

"ನನಗ ಅಲ್ಲಿಂದ ಕಾಣ್ತಿರಲಿಲ್ಲ ನೋಡು. ಗ್ವಾಡಿಗೆ ನಿಂತಿದ್ದೆ. ನಿನ್ನ ಉಸರಿನ ಮ್ಯಾಲೆ ಹೇಳಿದೆ." ಕೂಸನ್ನು ಮಡಿಲಲ್ಲಿ ಸರಿಸಿಕೊಂಡು, "ಮೊದಲಿನ ಜಾಗಾದಾಗ ಇದ್ದಿದ್ರ ಕಾಣ್ತಿತ್ತು," ಎಂದಳು. ಅದನ್ನು ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ ತಿಳಿಯಲಿಲ್ಲ. ಕಾಣುತ್ತಿತ್ತು ಎಂದು ನಾನೂ ಹೇಳಬಹುದಿತ್ತು. ಆದರೆ ಅದು ನನಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದ್ದನ್ನು ಸಮಾಧಾನಕ್ಕೆ ಹೇಳಿದರೆ ಅವ್ವ ಕೂಡಲೇ ಗುರುತಿಸುತ್ತಾಳೆ.

ಭೇಟಿಯ ಸಮಯ ಮುಗಿಯಿತೆಂದು ಹೊರಗೆ ಗಂಟೆ ಬಾರಿಸಿದರು. ಮೆರೂನ್ ಸೀರೆಯ ಮಾವಶಿಯೊಬ್ಬಳು ಕೋಣೆ ಕೋಣೆಗೂ ಹೋಗಿ, ಚಲಾ ಚಲಾ, ಹೊರಡಿ ಎಂದು ಮಂದಿಯನ್ನು ಎಬ್ಬಿಸುತ್ತ ಬಂದಳು. ನಮ್ಮ ಬಾಗಿಲಿನಲ್ಲಿ ಅವ್ವನನ್ನು ಕಂಡು ಅವಳ ಮಾತು ನಿಂತಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವ್ವ ತಾನಾಗಿಯೇ ಎದ್ದಳು. ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿ, ಖಾಲಿ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಸೆರಗು ಸರಿ ಮಾಡಿಕೊಂಡು, ಹೊರಗೆ ಹೋಗುತ್ತಿದ್ದ ಜನರ ನಡುವೆ ಸೇರಿ ಮೆಟ್ಟಿಲು ಇಳಿದು ಹೋದಳು.